ಓಬಳಯ್ಯನ ಅಳತೆ

ದೊಡ್ಡರಂಗಯ್ಯ ತಮ್ಮನ ಮಂಡಿಯ ಮೇಲೆ ಎರಡೂ ಅಂಗೈ ಊರಿ ಬಲವಾಗಿ ಒತ್ತಿ ನೋಡಿದ. ಕಾಲು ಜಪ್ಪಯ್ಯ ಅನ್ನಲಿಲ್ಲ.

ಅಂಗಳದ ಬೇವಿನ ನೆರಳಿನಲ್ಲಿ ಚಾಪೆಯ ಮೇಲೆ ಓಬಳಯ್ಯ ಮಗ್ಗುಲಾಗಿ ಮಲಗಿದ್ದ. ಗದ್ದ ಎದೆಗೆ ತಾಗಿತ್ತು, ಮಂಡಿ ಹೊಟ್ಟೆಯ ಹತ್ತಿರಕ್ಕೆ ಬಂದಿತ್ತು. ಬದುಕಿದ್ದಾಗ ಹೇಗೆ ಬಗ್ಗಿದ್ದನೋ ಸತ್ತ ಮೇಲೂ ಹಾಗೇ ಇದ್ದ. ಬೆಳಿಗ್ಗೆ ಆಸ್ಪತ್ರೆಯ ಜೀಪು ಅವನನ್ನು ಮನೆಗೆ ತಂದು ಇಳಿಸಿದಾಗಿನಿಂದ ನೆಂಟರಿಷ್ಟರಿಗೆಲ್ಲ ಇದೇ ಚಿಂತೆ. ಅಳುವವರು ಕೂಡ ಅಳು ನಿಲ್ಲಿಸಿ ನಡುನಡುವೆ ಅದನ್ನೇ ಮಾತಾಡುತ್ತಿದ್ದರು. ಬಗ್ಗಿದಂತೆಯೇ ಮಣ್ಣಾದವನು ಮುಂದಿನ ಜನ್ಮಕ್ಕೂ ಬಗ್ಗಿಯೇ ಹುಟ್ಟುತ್ತಾನೆ ಎಂದು ಒಬ್ಬಳು ಮುದುಕಿ ಹೇಳಿದ್ದೇ ತಡ, ಊರಿಗೆ ಊರೇ ಹೌದೌದು ಅಂದಿತು.

"ಹಗ್ಗ ತನ್ನಿ, ಒಂದು ಮಣೆ ತನ್ನಿ," ದೊಡ್ಡರಂಗಯ್ಯ ಹೇಳಿದ. "ಬಿಸ್ನೀರು ಹುಯ್ದು ಒಂದೆರಡು ಕಡೆ ಒತ್ತುದ್ರೆ ಬತ್ತದೆ. ಲಟಕ್ ಅಂದ್ರೆ ಅನ್ಲಿ. ಅವನಿಗೇನು ಈಗ ನೋವಾಯ್ತದಾ?"

ಬಾಗಿಲ ಹಿಂದೆ ನಿಂತಿದ್ದ ಮಂಜಮ್ಮನಿಗೆ ಆ ಲಟಕ್ ಎಂಬ ಮಾತು ತನ್ನ ಮೂಳೆಯಲ್ಲೇ ಕೇಳಿಸಿತು. ಗಂಡನಿಗೆ ಅವಳು ಭಾಷೆ ಕೊಟ್ಟಿದ್ದಳು. ಆದರೆ ಮದುವೆಯಾಗಿ ಬಂದ ದಿನದಿಂದ ಈವತ್ತಿನವರೆಗೆ ಭಾವನ ಎದುರು ನಿಂತು ಮಾತಾಡಿದವಳಲ್ಲ. ಹೇಳಬೇಕಾದ್ದೇನಿದ್ದರೂ ಬಾಗಿಲ ಸಂದಿಯಿಂದ ಗೋಡೆಗೆ ಹೇಳಿದಂತೆ ಹೇಳುವುದು, ಅವರು ಅದನ್ನು ಗಾಳಿಯಿಂದ ಕೇಳಿಸಿಕೊಂಡಂತೆ ಕೇಳಿಸಿಕೊಳ್ಳುವುದು, ಹೀಗೇ ಆ ಮನೆಯ ಮರ್ಯಾದೆ ನಡೆದುಕೊಂಡು ಬಂದಿತ್ತು. ಒಲೆಯ ಮೇಲೆ ನೀರು ಕಾಯತೊಡಗಿತು.

*

ಓಬಳಯ್ಯ ಹುಟ್ಟಾ ಗೂನನಲ್ಲ. ಪಾವಗಡ ಸೀಮೆಯ ಬೋರ್‌ವೆಲ್ ನೀರು ಮೊದಲು ಅವನ ಹಲ್ಲಿಗೆ ಕಂದು ಬಣ್ಣ ಹಚ್ಚಿತು, ಆಮೇಲೆ ಮೂಳೆಗೆ ಇಳಿಯಿತು. ಇನ್ನೂ ಗಟ್ಟಿಮುಟ್ಟಾಗಿ ಉಳಬೇಕಾದ ವಯಸ್ಸಿನಲ್ಲಿ ಬೆನ್ನು ಹಿಡಿದುಕೊಂಡಿತು. ನೀರಿನಲ್ಲಿ ಫ್ಲೋರೈಡ್ ಇರುವ ಸುದ್ದಿ ಆಗ ಯಾರಿಗೆ ಗೊತ್ತು? ದೇವರಿಗೆ ಹರಕೆ ಆಯಿತು, ಎಣ್ಣೆ ತಿಕ್ಕಿಸಿದ್ದಾಯಿತು. ಕೊನೆಗೆ ಮೂಳೆ ಕೂರಿಸುವ ನಾಟಿ ವೈದ್ಯನೊಬ್ಬ ಬಂದು, ಹಲಗೆಗೆ ಕಟ್ಟಿ ಒತ್ತಿದರೆ ನೆಟ್ಟಗಾಗುತ್ತಾನೆ ಅಂದ. ಒತ್ತಿದ. ಓಬಳಯ್ಯನ ಕೂಗು ಊರಾಚೆಯ ಕಣದವರೆಗೂ ಕೇಳಿಸಿತು. ಆವತ್ತು ಅವನ ಕಾಲು ಅದುಮಿ ಹಿಡಿದಿದ್ದವನು ದೊಡ್ಡರಂಗಯ್ಯನೇ. ತಮ್ಮನ ಮೇಲಿನ ಪ್ರೀತಿಗೇ ಹಿಡಿದಿದ್ದ, ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ತಿರುಮಣಿ ರಸ್ತೆಯಲ್ಲಿ ಟ್ರಸ್ಟಿನವರು ಆ ಚಿಕ್ಕ ಆಸ್ಪತ್ರೆ ಕಟ್ಟಿದರು. ನಾಲ್ಕಾರು ಕೋಣೆ, ಮುಂದೆ ಒಂದು ಹೊಂಗೆಮರ, ಅಷ್ಟೇ. ಆದರೆ ಹೆರಿಗೆ ಅಲ್ಲೇ ಆಗುತ್ತಿತ್ತು, ಹಾವು ಕಡಿದವರಿಗೆ ಮದ್ದು ಅಲ್ಲೇ ಸಿಗುತ್ತಿತ್ತು. ಬುಧವಾರ ಸಕ್ಕರೆ ಕಾಯಿಲೆಯವರ ಹುಣ್ಣು ತೊಳೆದು ಕಟ್ಟುತ್ತಿದ್ದರು, ಆಗಾಗ ಕಣ್ಣಿನ ಕ್ಯಾಂಪು ಇರುತ್ತಿತ್ತು. ಗೇಟಿನ ಪಕ್ಕದ ನಲ್ಲಿಯಲ್ಲಿ ಸೋಸಿದ ಸಿಹಿನೀರು ಬಿಡುತ್ತಿದ್ದರು. ಅಲ್ಲಿಯ ಡಾಕ್ಟರಮ್ಮ ಓಬಳಯ್ಯನ ಎಕ್ಸ್‌ರೇ ನೋಡಿ, ಬಗ್ಗಿದ್ದು ಇನ್ನು ನೆಟ್ಟಗಾಗುವುದಿಲ್ಲ, ನೀರು ಬದಲಾಯಿಸಿ, ನೋವಿಗೆ ಮಾತ್ರೆ ಕೊಡುತ್ತೇನೆ ಅಂದರು. ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಓಬಳಯ್ಯ ನಗುತ್ತಾ ಮನೆಗೆ ಬಂದ.

"ಎಳೀತೀನಿ ಅನ್ನಲಿಲ್ಲ ಕಣೇ ಆಯಮ್ಮ," ಅಂದ. "ಇಂಗೇ ಇರು ಅಂದ್ಬುಟ್ರು."

ಹಾಗೆ ಇರುವುದಕ್ಕೆ ಒಂದು ಜಾಗವನ್ನೂ ಅವರೇ ಕೊಟ್ಟರು. ಆಸ್ಪತ್ರೆಯ ಬಾಗಿಲಲ್ಲಿ ಜನ ಬಿಡುವ ಚಪ್ಪಲಿ ಕಾಯುವ ಕೆಲಸ. ಬಗ್ಗಿದವನಿಗೆ ಕಾಣುವುದು ಕಾಲು ತಾನೆ? ಓಬಳಯ್ಯ ಜನರ ಮುಖ ಮರೆತ, ಪಾದ ನೆನಪಿಟ್ಟುಕೊಂಡ. ಹಿಮ್ಮಡಿ ನೋಡಿಯೇ ಏನಕ್ಕಾ ಮಗಳಿಗೆ ಹೆರಿಗೆ ಆಯ್ತಾ ಅನ್ನುತ್ತಿದ್ದ. ಗಡಿಯಾಚೆಯಿಂದ ಬರುವ ತೆಲುಗಿನ ಮಕ್ಕಳು ಅವನನ್ನು ಚೆಪ್ಪುಲ ತಾತ ಎಂದು ಕರೆಯುತ್ತಿದ್ದವು. ಊರಿನಲ್ಲಿ ಗುಂಡಿ ತೋಡುವ ರಂಗರಾಜು ಯಾವುದೋ ಬಾಣಂತಿಗೆ ಊಟ ತಂದವನು ಹಾಗೇ ಹೊರಟಾಗ, ಲೇ, ನಿನ್ನ ಕಿರುಬೆರಳು ಕಪ್ಪಾಗೈತೆ, ಒಳಿಕ್ಕೆ ಹೋಗ್ಲಾ ಎಂದು ಗದರಿದವನೂ ಅವನೇ. ಅಂದಿನಿಂದ ರಂಗರಾಜು ಬುಧವಾರದ ಖಾಯಂ ಗಿರಾಕಿ. ಕಾಲು ಉಳಿಯಿತು. ಕಟ್ಟು ಹಾಕಿಸಿಕೊಂಡು ಬಂದು ಓಬಳಯ್ಯನ ಪಕ್ಕ ಕೂತು ಹೊತ್ತು ಕಳೆಯುವ ಚಟವೂ ಉಳಿಯಿತು.

ಓಬಳಯ್ಯನದು ಒಂದೇ ಒಂದು ಹಟ. ಜನ ಒಳಮುಖವಾಗಿ ಬಿಟ್ಟು ಹೋದ ಚಪ್ಪಲಿಗಳನ್ನೆಲ್ಲ ಕೋಲಿನಿಂದ ತಿರುಗಿಸಿ ರಸ್ತೆಗೆ ಮುಖ ಮಾಡಿ ಇಡುತ್ತಿದ್ದ. ಯಾಕಯ್ಯಾ ಎಂದು ನರ್ಸ್ ದಾಕ್ಷಾಯಣಮ್ಮ ಕೇಳಿದರೆ, ಆಸ್ಪತ್ರೆಗೆ ಬಂದ ಚಪ್ಪಲಿ ಮನೆ ಕಡೆ ನೋಡ್ತಿರ್ಬೇಕು ಅಂತ ಹೇಳುತ್ತಿದ್ದ.

ಕೊನೆಗಾಲದಲ್ಲಿ ಅವನನ್ನು ಅದೇ ಆಸ್ಪತ್ರೆಯ ಕಿಟಕಿ ಪಕ್ಕದ ಮಂಚದಲ್ಲಿ ಮಲಗಿಸಿದ್ದರು. ಎದೆಗೂಡು ಬಿಗಿದು ಉಸಿರಾಟ ಕಷ್ಟವಾಗಿತ್ತು. ದಾಕ್ಷಾಯಣಮ್ಮ ಬೆನ್ನಿಗೊಂದು, ಮಂಡಿ ನಡುವೆ ಒಂದು ದಿಂಬು ಕೊಟ್ಟು ಅವನ ಬಾಗಿಗೆ ಒಪ್ಪುವ ಹಾಗೆ ಹಾಸಿಗೆ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಅವನು ಹೆಂಡತಿಯ ಕೈ ಹಿಡಿದುಕೊಂಡ.

"ನಾನು ಹೋದ್ಮೇಲೆ ಅಣ್ಣ ನೆಟ್ಟಗೆ ಮಾಡಕ್ಕೆ ಬತ್ತಾನೆ. ಮಾಡುಸ್ಬ್ಯಾಡ ಕಣೇ. ಈ ಬೆನ್ನಿನ ಜತೆ ಈಗ ರಾಜಿ ಆಗ್ಬುಟ್ಟಿದೀನಿ."

ಆಗಲಿ ಎಂದಿದ್ದಳು ಮಂಜಮ್ಮ.

*

ಬಿಸಿನೀರಿನ ಹಂಡೆ ಅಂಗಳಕ್ಕೆ ಬಂತು. ಹಗ್ಗವೂ ಬಂತು. ಮಂಜಮ್ಮ ಬಾಗಿಲು ಬಿಟ್ಟು ಹೊರಗೆ ಬಂದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಗಂಡನ ತಲೆಯ ಹತ್ತಿರ ಕೂತಳು.

"ಬಾವ, ಅವರನ್ನ ಮುಟ್ಬ್ಯಾಡಿ. ನಂಗೆ ಹೇಳಿ ಹೋಗವ್ರೆ."

ದೊಡ್ಡರಂಗಯ್ಯ ಅವಳ ಕಡೆ ನೋಡದೆ ಬೇವಿನ ಮರ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಕಷ್ಟವಾಯಿತು.

"ನನ್ನ ಹೆಗಲ ಮ್ಯಾಲೆ ಕೂತ್ಕಂಡು ಜಾತ್ರೆ ನೋಡ್ದೋನು ಕಣಮ್ಮ ಅವನು. ಬಿದಿರು ಗಳ ಇದ್ದಂಗಿದ್ದ. ಬಂದಾಗ ನೆಟ್ಟಗಿದ್ದ, ಹೋಗ್ವಾಗ್ಲೂ ನೆಟ್ಟಗೇ ಕಳುಸ್ತೀನಿ. ಅಷ್ಟೂ ಮಾಡ್ದಿದ್ರೆ ನಾನು ಎಂಥಾ ಅಣ್ಣ?"

ಮಂಜಮ್ಮ ಎದ್ದು ಹೋಗಲಿಲ್ಲ. ಗಂಡನ ಮಂಡಿಯ ಮೇಲೆ ತನ್ನ ಕೈ ಇಟ್ಟು ಕೂತಳು, ಅಷ್ಟೇ. ಜೀಪಿನಲ್ಲಿ ಬಂದಿದ್ದ ದಾಕ್ಷಾಯಣಮ್ಮನನ್ನು ನೀವಾದರೂ ಹೇಳಿ ಎಂದು ಯಾರೋ ಕೇಳಿದರು. ನಮ್ಮಲ್ಲಿ ಅವರನ್ನು ಹೀಗೇ ಮಲಗಿಸುತ್ತಿದ್ದೆವು, ಚೆನ್ನಾಗಿ ನಿದ್ದೆ ಮಾಡುತ್ತಿದ್ದರು ಎಂದಷ್ಟೇ ಹೇಳಿ ಅವಳು ಕಣ್ಣು ಒರೆಸಿಕೊಂಡಳು. ಆಸ್ಪತ್ರೆಯ ಮಾತು ಆಸ್ಪತ್ರೆಗೆ, ಮಣ್ಣಿನ ಶಾಸ್ತ್ರ ಊರಿಗೆ ಎಂದು ಹಿರಿಯರು ತೀರ್ಮಾನಿಸಿದರು. ದೊಡ್ಡರಂಗಯ್ಯ ಹಗ್ಗ ಕೈಗೆತ್ತಿಕೊಂಡ.

ಅಷ್ಟರಲ್ಲಿ ರಂಗರಾಜು ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಕುಂಟುತ್ತಾ ಬಂದ. ಮೈಯೆಲ್ಲ ಕೆಮ್ಮಣ್ಣು.

"ಗುಂಡಿ ಆಯ್ತು. ನಿಂಬೆಹಣ್ಣು ಕೊಯ್ದು ಪೂಜೇನೂ ಮುಗುಸ್ದೆ. ಬಿಸ್ಲು ಏರ್ತಾ ಐತೆ, ಎತ್ತಿ."

ಹೆಣದ ಉದ್ದಕ್ಕೆ ಕಡ್ಡಿ ಮುರಿದು, ಆ ಕಡ್ಡಿ ಹಿಡಿದು ಗುಂಡಿ ತೋಡುವುದು ಊರಿನ ಪದ್ಧತಿ. ದೊಡ್ಡರಂಗಯ್ಯನಿಗೆ ಆಗ ನೆನಪಾಯಿತು. "ಅಳತೆಗೆ ಬರ್ಲೇ ಇಲ್ವಲ್ಲೋ ನೀನು?"

"ಅಳತೆ ಯಾಕಣ್ಣ? ವಾರವಾರ ಪಕ್ಕದಲ್ಲೇ ಕೂತ್ಕಂತಿದ್ದೋನು ನಾನು." ರಂಗರಾಜು ಗುದ್ದಲಿ ಕೆಳಗಿಟ್ಟು, ಎರಡೂ ಕೈಯಗಲಿಸಿ ತೋರಿಸಿದ. "ಉದ್ದ ಇಷ್ಟು. ಅಗಲ ವಸಿ ಜಾಸ್ತೀನೇ ತೆಗ್ದಿದೀನಿ, ಮಂಡಿಗೆ ಜಾಗ ಬೇಕಲ್ಲ."

"ಅದೇನು ಕೂಸಿನ ಗುಂಡಿಯೇನ್ಲಾ?"

"ಓಬಳಣ್ಣ ಇದ್ದಿದ್ದೇ ಅಷ್ಟು."

ಹೋಗಿ ಇನ್ನಷ್ಟು ಉದ್ದ ತೆಗಿ ಎಂದ ದೊಡ್ಡರಂಗಯ್ಯ. ರಂಗರಾಜು ಗಾಬರಿಯಾದ. ತಾನೆಂಥ ಕೆಲಸ ಮಾಡಿದೆ ಎಂಬುದು ಅವನಿಗೆ ಆಗಲೇ ಹೊಳೆದದ್ದು. ನಿಂಬೆಹಣ್ಣು ಕೊಯ್ದ ಮೇಲೆ ಗುಂಡಿಗೆ ಮತ್ತೆ ಗುದ್ದಲಿ ಹಾಕಬಾರದು, ಹಾಕಿದರೆ ಅದು ಇನ್ನೊಂದು ಹೆಣ ಕೇಳುತ್ತದೆ ಎಂದು ತೊದಲಿದ. ಊರಿಗೆ ಗೊತ್ತಿಲ್ಲದ ಮಾತೇನಲ್ಲ. ನೆರೆದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಯಾಕೋ ಎಲ್ಲರ ಕಣ್ಣೂ ದೊಡ್ಡರಂಗಯ್ಯನ ಮೇಲೆ ನಿಂತವು. ವಯಸ್ಸಿನ ಸರದಿ ಹಿಡಿದರೆ ಊರಿನಲ್ಲಿ ಮುಂದಿನವನು ಅವನೇ. ಮುಂದಿನ ಜನ್ಮದ ಬಗ್ಗೆ ಮಾತಾಡುತ್ತಿದ್ದ ಮುದುಕಿ ಕೂಡ, ಇದ್ದಂಗೇ ಕಳ್ಸಿಬುಡಪ್ಪ, ದೇವ್ರಿಗೆ ಗೊತ್ತಾಗಲ್ವಾ ಎಂದು ರಾಗ ಬದಲಾಯಿಸಿದಳು.

ದೊಡ್ಡರಂಗಯ್ಯನ ಕೈಯಿಂದ ಹಗ್ಗ ಜಾರಿತು. ಅವನು ತಮ್ಮನ ಪಕ್ಕದಲ್ಲಿ ಕುಸಿದು ಕೂತು, ಬೆಳಗಿನಿಂದ ಮೊದಲ ಸಲ ಅತ್ತ.

"ನನ್ನ ಕೈಲಿ ಆಯ್ತಿರ್ಲಿಲ್ಲ ಕಣಮ್ಮ," ಎಂದ, ಈ ಸಲ ಮಂಜಮ್ಮನನ್ನೇ ನೋಡಿ. "ಅವತ್ತು ಕೂಗಿದ್ದು ಇನ್ನೂ ಕಿವೀಲೇ ಐತೆ."

ಮಂಜಮ್ಮನ ಎದೆಯ ಮೇಲಿನ ಬಂಡೆ ಇಳಿಯಿತು. ಗಂಡನ ಹೆಣದ ಮುಂದೆ ಕೂತು ಇಷ್ಟು ಹಗುರಾಗಬಹುದೇ ಎಂದು ನಾಚಿಕೆಯೂ ಆಯಿತು. ಆ ನಾಚಿಕೆಯಲ್ಲೇ ಸೆರಗಿನ ಮರೆಯಲ್ಲಿ ಸಣ್ಣಗೆ ನಕ್ಕಳು, ನಗುತ್ತಲೇ ಗಟ್ಟಿಯಾಗಿ ಅತ್ತಳು. ಒಲೆಯ ಮೇಲಿಂದ ಬಂದ ನೀರು ವ್ಯರ್ಥವಾಗಲಿಲ್ಲ. ಅಣ್ಣನೇ ಅದನ್ನು ಹದ ಮಾಡಿ, ಮಗುವಿಗೆ ಎರೆಯುವ ಹಾಗೆ ತಮ್ಮನಿಗೆ ಎರೆದ.

ಚಟ್ಟದ ಬದಲು ಹಗ್ಗದ ಮಂಚದ ಮೇಲೆ ಹೊತ್ತರು. ಬೆನ್ನಿಗೆ ಆಸ್ಪತ್ರೆಯ ದಿಂಬು ಕೊಟ್ಟಿದ್ದರು. ಅವರಲ್ಲಿ ಹೆಂಗಸರೂ ಮಣ್ಣಿಗೆ ಹೋಗುವ ವಾಡಿಕೆ, ಮಂಜಮ್ಮ ಹಿಂದೆಯೇ ನಡೆದಳು. ಆಸ್ಪತ್ರೆಗೆ ಬರುತ್ತಿದ್ದ ಸುತ್ತಲ ಊರಿನವರು ರಸ್ತೆಯಲ್ಲಿ ಸೇರಿಕೊಂಡರು. ಗುಂಡಿಯಲ್ಲಿ ಇಳಿಸಿದಾಗ ಬೆನ್ನು ಒಂದು ಬದಿಗೆ, ಮಂಡಿ ಇನ್ನೊಂದು ಬದಿಗೆ ಹದವಾಗಿ ಕೂತವು. ರಂಗರಾಜು ಬೀಗಲಿಲ್ಲ, ಆದರೆ ಸುತ್ತ ಒಮ್ಮೆ ನೋಡಿದ.

ಮಣ್ಣು ಮುಚ್ಚಿ, ತಲೆಯ ಕಡೆ ಓಬಳಯ್ಯನ ಕೋಲು ನೆಟ್ಟರು. ಯಾರೋ ಅವನ ಚಪ್ಪಲಿ ತಂದು ಮಣ್ಣಿನ ಗುಡ್ಡೆಗೆ ಮುಖ ಮಾಡಿ ಇಟ್ಟು, ಹಿಂದೆ ತಿರುಗಿ ನೋಡದೆ ನಡೆಯಿರಿ ಎಂದರು. ಜನ ಹೊರಟರು. ನಾಲ್ಕು ಹೆಜ್ಜೆ ಹೋದ ದೊಡ್ಡರಂಗಯ್ಯ ಶಾಸ್ತ್ರ ಮುರಿದು ಹಿಂದಕ್ಕೆ ಬಂದ. ಒಂದು ಕೈ ಸೊಂಟಕ್ಕೆ ಕೊಟ್ಟು, ನರಳುತ್ತಾ, ತಮ್ಮನಷ್ಟೇ ಬಗ್ಗಿದ. ಎರಡೂ ಚಪ್ಪಲಿಗಳನ್ನು ಎತ್ತಿ ಧೂಳು ಒರೆಸಿ, ತಿರುಗಿಸಿ, ರಸ್ತೆಗೆ ಮುಖ ಮಾಡಿ ಇಟ್ಟ.