ಹಾಲು ಹಾಕದ ಮನೆ

ನಾಲ್ಕನೇ ದಿನವೂ ಮಳೆ ಬಿಡಲಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಪಟ್ಟಿಯಲ್ಲಿದ್ದ ಮಂಟೆದೊಡ್ಡಿಯ ಮೂವತ್ತೊಂದು ಮನೆಗಳವರೂ ಶಾಲೆಯಲ್ಲಿದ್ದರು. ಮಳವಳ್ಳಿಯಿಂದ ಮುತ್ತತ್ತಿಗೆ ಹೋಗುವ ರಸ್ತೆಯಿಂದ ಒಳಗೆ, ಬೆಟ್ಟಕ್ಕೆ ಆತುಕೊಂಡ ಊರು ಅದು. ಹವಾಮಾನ ಹೀಗೇ ಕೆಡುತ್ತಾ ಹೋದರೆ ಬೆಟ್ಟದ ಯಾವ ಮನೆಗೆ ಎಷ್ಟು ಅಪಾಯ ಎಂದು ಅಂಕ ಹಾಕುವ ಸಮೀಕ್ಷೆಯನ್ನು ಬೇಸಿಗೆಯಲ್ಲಿ ಇಲ್ಲೂ ಸುತ್ತಲಿನ ಇನ್ನೈದು ದೊಡ್ಡಿಗಳಲ್ಲೂ, ಅಂದರೆ ಸಣ್ಣ ಊರುಗಳಲ್ಲೂ, ಮಾಡಿದ್ದವಳು ರಂಜಿತ. ಆ ಪಟ್ಟಿ ಹಿಡಿದೇ ಜನರನ್ನು ಇಳಿಸಲಾಗಿತ್ತು. ಊರಿನ ಹಾಲಿನ ಡೈರಿಯ ಕಾರ್ಯದರ್ಶಿ ಪುಟ್ಟಸ್ವಾಮಿ ಒಂದೊಂದೇ ಹೆಸರು ಕೂಗಿ ಗುರುತು ಹಾಕಿ ಮುಗಿಸಿದ.

"ಎಲ್ಲಾ ಬಂದವ್ರೆ ಮೇಡಮ್ಮೋರೆ."

"ಯಾವ ಎಲ್ಲಾ ಬಂದವ್ರ್ಲಾ?" ಮೂಲೆಯಲ್ಲಿ ಕೂತಿದ್ದ ಊರಿನ ಮುದುಕಿ ಸಣ್ಣತಾಯಮ್ಮ ಕೇಳಿದಳು. "ಗುಂಡ್‌ಬಂಡೆ ಕೆಳ್ಗಡೆ ಮನೆ ಪಟ್ಟಲಮ್ಮ ಎಲ್ಲಿ?"

ರಂಜಿತ ಪಟ್ಟಿಯನ್ನು ಎರಡು ಸಲ ನೋಡಿದಳು. ಆ ಹೆಸರು ಇರಲಿಲ್ಲ. ಮನೆ ಮನೆ ಹತ್ತುವ ಬದಲು ಅವಳು ಎರಡು ದಿನ ಡೈರಿಯ ಬಾಗಿಲಲ್ಲಿ ಕುಳಿತು, ಹಾಲು ಹಾಕಲು ಬಂದವರನ್ನೇ ಕೇಳಿ ಫಾರಂ ತುಂಬಿದ್ದಳು. ಊರೆಲ್ಲ ಅಲ್ಲಿಗೇ ಬರುತ್ತದೆ ಎಂದು ಪುಟ್ಟಸ್ವಾಮಿ ಹೇಳಿದ್ದ. ಪಟ್ಟಲಮ್ಮನ ಹಸು ಹಿಂದಿನ ವರ್ಷವೇ ಸತ್ತಿತ್ತು.

'ಬಂಡೆಯ ಕೆಳಗಿರುವ ಮನೆಗಳು' ಎಂಬ ಕಾಲಂನಲ್ಲಿ ರಂಜಿತ ಸೊನ್ನೆ ಬರೆದಿದ್ದಳು.

ರಂಜಿತ, ಪುಟ್ಟಸ್ವಾಮಿ ಇಬ್ಬರೂ ಬೆಟ್ಟ ಹತ್ತಿದರು. ಕಾಲುದಾರಿಯಲ್ಲಿ ಕೆಂಪು ನೀರು ಇಳಿಯುತ್ತಿತ್ತು. ನೀರಿನ ಜೊತೆ ಕಲ್ಲೂ ಬರತೊಡಗಿದಾಗ ಪುಟ್ಟಸ್ವಾಮಿ ಹೆಜ್ಜೆ ಜೋರು ಮಾಡಿದ. ಪಟ್ಟಲಮ್ಮನ ಹೆಂಚಿನ ಮನೆಯ ಹಿಂದೆ, ಅದರ ಎರಡರಷ್ಟು ಎತ್ತರದ ಗುಂಡುಬಂಡೆ. ಅದರ ಬುಡದ ಮಣ್ಣು ಕೊಚ್ಚಿಹೋಗಿ ತೋಳು ತೂರುವಷ್ಟು ಸಂದು ಬಿಟ್ಟಿತ್ತು.

ಪಟ್ಟಲಮ್ಮ ಜಗಲಿಯಲ್ಲಿ ಎಲೆಅಡಿಕೆ ಜಗಿಯುತ್ತಾ ಕುಳಿತಿದ್ದಳು.

"ಎಲ್ರನ್ನೂ ಕರುದ್ರಿ, ನನ್ನ ಕರೀಲಿಲ್ವಲ್ಲ. ಈ ಮನೆಗೇನೂ ಆಗಾಕಿಲ್ಲ ಅಂತ ಬರ್ಕಂಡಿದ್ದೀರಿ ಅನ್ಕಂಡೆ ಕಣವ್ವ."

"ಏಳಮ್ಮ, ಈಗ್ಲೇ," ಎಂದಳು ರಂಜಿತ.

"ತಾಳು, ಕೋಳಿ ಮುಚ್ಚಾಕಿವ್ನಿ..."

"ಕೋಳಿ ಬುಡವ್ವ ಅತ್ಲಾಗೆ!" ಪುಟ್ಟಸ್ವಾಮಿ ರಟ್ಟೆ ಹಿಡಿದು ಎಬ್ಬಿಸಿದ.

ಅರ್ಧ ದಾರಿ ಇಳಿದಿದ್ದರು. ಹಿಂದಿನಿಂದ ಟ್ರ್ಯಾಕ್ಟರ್ ಕಲ್ಲು ಸುರಿದಂಥ ಸದ್ದು ಬಂತು, ನಿಲ್ಲದೆ ಬಂತು. ಮೂವರಲ್ಲಿ ಯಾರೂ ತಿರುಗಿ ನೋಡಲಿಲ್ಲ. ಶಾಲೆಯ ಅಂಗಳಕ್ಕೆ ಬಂದು ನೋಡಿದರೆ ಹೆಂಚು ಕಾಣಲಿಲ್ಲ. ಆ ಜಾಗದಲ್ಲಿ ಗುಂಡು ಕೂತಿತ್ತು.

ಪಟ್ಟಲಮ್ಮ ಅಳಲೂ ಇಲ್ಲ, ರಂಜಿತಳ ಕೈ ಬಿಡಲೂ ಇಲ್ಲ.

ಪುಟ್ಟಸ್ವಾಮಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: "ಮಿಕ್ಕಿದ್ ಐದು ದೊಡ್ಡೀಲೂ ಡೈರೀಲೇ ಕುಂತ್ಕಂಡ್ ಬರ್ಕಂಡ್ರಾ ಮೇಡಮ್ಮೋರೆ?"

ರಂಜಿತ ಪಕ್ಕದ ದೊಡ್ಡಿಯ ಡೈರಿಗೆ ಆಗಲೇ ಫೋನ್ ಹಚ್ಚಿದ್ದಳು. ರಿಂಗಾಗುತ್ತಿತ್ತು. ಯಾರೂ ಎತ್ತುತ್ತಿರಲಿಲ್ಲ.