ಮುನಿ ಎಂಬ ಎರಡಕ್ಷರ

“ನನ್ನ ಕಾಗದ ಎಲ್ಲಿ ಹೋಯ್ತು?”

ಕಂಪ್ಯೂಟರಿನ ಮುಂದೆ ಕೂತ ಮುನಿವೆಂಕಟಮ್ಮ ಕೇಳಿದ್ದು ಯಾರನ್ನೂ ಅಲ್ಲ. ಜಯನಗರದ ಆ ಮಹಡಿ ಆಫೀಸಿಗೆ ಇನ್ನೂ ಯಾರೂ ಬಂದಿರಲಿಲ್ಲ. ಅದು ಎಂಬತ್ತೆಂಟನೇ ಇಸವಿ. ಟೆಲಿಫೋನ್ ತಂತಿಯಲ್ಲಿ ಕಾಗದ ಬರುತ್ತದೆಂದರೆ ಯಡಿಯೂರಿನ ಅವಳ ಮನೆಯವರು ನಗುತ್ತಿದ್ದರು.

ಪುಣೆಯ ತರಬೇತಿಗೆ ಆಯ್ಕೆಯಾದವರಿಗೆಲ್ಲ ಕಾಗದ ಹೋಗಿದೆಯಂತೆ. ಶನಿವಾರದೊಳಗೆ ಅದಕ್ಕೆ ಒಪ್ಪಿಗೆ ಬರೆಯದಿದ್ದರೆ ಜಾಗ ಬೇರೆಯವರ ಪಾಲು. ಇವತ್ತು ಶುಕ್ರವಾರ, ಕಂಪ್ಯೂಟರಿನೊಳಗಿನ ಅವಳ ಅಂಚೆಪೆಟ್ಟಿಗೆ ಖಾಲಿ.

ಬಂದ ಕಾಗದಗಳೆಲ್ಲ ಮೊದಲು ಒಂದೇ ರಾಶಿಯಲ್ಲಿ ಬೀಳುತ್ತಿದ್ದವು. ಹೆಸರು ನೋಡಿ ಅವರವರ ಪೆಟ್ಟಿಗೆಗೆ ಹಂಚಲೆಂದು ಜೊತೆಯ ಕೆಲಸದ ಗೆಳತಿ ಕಾತ್ಯಾಯಿನಿ ಕಳೆದ ವಾರ ಕಂಪ್ಯೂಟರಿಗೆ ಆದೇಶ ಕೊಡುವ ಪುಟ್ಟದೊಂದು ಸ್ಕ್ರಿಪ್ಟ್ ಬರೆದಿದ್ದಳು. ಪುಣೆಗೆ ಅವಳೂ ಅರ್ಜಿ ಹಾಕಿದ್ದಳು. ಹಂಚುವ ಕೈ ಅವಳದೇ ಆದಮೇಲೆ ಇನ್ನು ಹೇಳುವುದೇನಿದೆ? ಮುನಿವೆಂಕಟಮ್ಮನಿಗೆ ಎಲ್ಲದರಲ್ಲೂ ಹುಳುಕು ಕಂಡಿತು. ನಿನ್ನೆ ತಾನು ಹತ್ತಿರ ಹೋದಾಗ ಅವಳು ಪರದೆ ಅಳಿಸಿದ್ದೇಕೆ? ಎಂದೂ ಇಲ್ಲದ್ದು ಒಬ್ಬಟ್ಟು ತಂದು ಉಪಚಾರ ಮಾಡಿದ್ದೇಕೆ? ಮಧ್ಯಾಹ್ನ ಊಟದ ಹೊತ್ತಿಗೆ ಕಾತ್ಯಾಯಿನಿ ಡಬ್ಬಿ ಬಿಚ್ಚಿ ಕರೆದಾಗ ಹೊಟ್ಟೆ ಸರಿಯಿಲ್ಲವೆಂದು ದೂರವೇ ಕೂತಳು.

ಆಗ ಕೆಳಗಿನ ಸ್ಟೋರಿನ ಮುನಿಯಣ್ಣ ಮೇಲೆ ಬಂದ. ಅವನ ಪೆಟ್ಟಿಗೆಗೆ ಬಿದ್ದದ್ದನ್ನೆಲ್ಲ ಯಂತ್ರ ಅಚ್ಚು ಹಾಕಿಕೊಡುತ್ತಿತ್ತು. ಅವನ ಕೈಯಲ್ಲಿ ಅಂಥದ್ದೊಂದು ಹಾಳೆ.

“ಏನಮ್ಮಾ ಇದು, ಪುಣೆಯೋರಿಗೆ ವೈರ್ ಕಳ್ಸಿ ಅಂದ್ರೆ ಸೀಟ್ ಇಟ್ಟಿದೀವಿ ಅಂತ ಬರ್ದವ್ರೆ. ಸೀಟ್ ತಗೊಂಡು ನಾನೇನ್ ಮಾಡ್ಲಿ?”

ಮುನಿವೆಂಕಟಮ್ಮ ಹಾಳೆ ಕಸಿದುಕೊಂಡಳು. ಅವಳದೇ ಕಾಗದ.

ಕಾತ್ಯಾಯಿನಿ ಸ್ಕ್ರಿಪ್ಟ್ ತೆರೆದು ನೋಡಿ ತುಟಿ ಕಚ್ಚಿದಳು. ಹೆಸರಿನಲ್ಲಿ ‘ಮುನಿ’ ಎಂದು ಕಂಡರೆ ಸಾಕು, ಮುನಿಯಣ್ಣನ ಪೆಟ್ಟಿಗೆಗೆ ಹಾಕು ಎಂದು ಬರೆದಿದ್ದಳು.

“ನಿನ್ನ ನಾವೆಲ್ಲ ವೆಂಕೀ ಅಂತಲೇ ಕರೆಯೋದಲ್ವೇನೇ, ನಿನ್ನಲ್ಲೂ ಒಂದು ಮುನಿ ಇರೋದು ಹೊಳೀಲೇ ಇಲ್ಲ.”

“ನಮ್ಮ ಯಡಿಯೂರಲ್ಲಿ ಮುನೀ ಅಂತ ಕೂಗು, ಅರ್ಧ ಬೀದಿ ಎದ್ದು ಬರುತ್ತೆ.”

ಮುನಿಯಣ್ಣ ನಕ್ಕ. ಮುನಿವೆಂಕಟಮ್ಮ ನಗಲಿಲ್ಲ. ಅಲ್ಲೇ ಕೂತು ಒಪ್ಪಿಗೆ ಬರೆದು ಕಳಿಸಿದಳು. ಹೊರಡುವ ದಿನ ತಿಳಿಸಿ ಪುಣೆಯಿಂದ ಇನ್ನೊಂದು ಕಾಗದ ಬರಬೇಕಿತ್ತು.

ಕಾತ್ಯಾಯಿನಿ ಕುರ್ಚಿ ಎಳೆದುಕೊಂಡು ಪಕ್ಕ ಕೂತಳು. ಸ್ಕ್ರಿಪ್ಟ್ ಮುಟ್ಟಿದರೆ ಎಲ್ಲರ ಕಾಗದವೂ ಕಲಸಿಹೋದೀತು ಎಂದಳು. ಅದಕ್ಕಿಂತ ಸುಲಭದ ದಾರಿಯಿದೆ ಎಂದಳು.

“ಕಂಪ್ಯೂಟರಲ್ಲಿ ನಿನ್ನ ಹೆಸರು ಬರೀ ವೆಂಕಿ ಅಂತ ಮಾಡ್ಬಿಡ್ತೀನಿ. ಹೂಂ ಅನ್ನೇ, ಒಂದು ನಿಮಿಷದ ಕೆಲಸ.”

ಪುಣೆಯವರಿಗೆ ಗೊತ್ತಿರುವುದು ಮುನಿವೆಂಕಟಮ್ಮ ಮಾತ್ರ. ಇವಳು ವೆಂಕಿಯಾದರೂ ಆ ಕಾಗದ ಮತ್ತೆ ಮುನಿಯಣ್ಣನ ಪೆಟ್ಟಿಗೆಗೇ ಬೀಳುತ್ತದೆ. ಇದು ಕಾತ್ಯಾಯಿನಿಗೆ ಹೊಳೆದಿಲ್ಲವೋ, ಹೊಳೆದೇ ಕೇಳುತ್ತಿದ್ದಾಳೋ? ಮುಖ ನೋಡಿದಳು. ಅಲ್ಲಿ ಗೆಳತಿಯ ನಗೆಯಷ್ಟೇ ಇತ್ತು.

ಗುಡಿಯ ಜಗುಲಿಯಲ್ಲಿ ಪದ್ಯ ಓದುತ್ತಿದ್ದ ತಾತ ನೆನಪಾದ. ದೇವರ ಹೆಸರಿನ ನಡುವೆ ಉಸಿರು ಕಡಿದರೆ ಅವನು ಸಾಲನ್ನು ಮತ್ತೆ ಮೊದಲಿಂದ ಎತ್ತಿಕೊಳ್ಳುತ್ತಿದ್ದ. ತನ್ನ ಹೆಸರಲ್ಲಿ ಮುನಿ, ವೆಂಕಟ ಎಂದು ಇಬ್ಬರು ದೇವರು.

“ಆಗಲ್ಲ,” ಎಂದಳು ಮುನಿವೆಂಕಟಮ್ಮ. “ನನ್ನ ಹೆಸರಲ್ಲಿ ಒಂದಕ್ಷರಾನೂ ಮುಟ್ಟಕೂಡದು.”