ಭಾಗೀರಥಿ ಹೊರಗೆ ಕುಳಿತ ದಿನ

ನಿಜಗುಣಪ್ಪ ಬೆಳಗಿನ ಚಹಾ ಕುಡಿದು, ಹಿತ್ತಲಲ್ಲಿ ಡ್ರಮ್ಮಿಗೆ ನೀರು ತುಂಬಿಸುತ್ತಿದ್ದ. ತೊರಗಲ್ಲಿನ ದಾರಿಯಲ್ಲಿದ್ದ ಅವನ ನಿಂಬೆ ತೋಟಕ್ಕೆ ರೋಗ ಹತ್ತಿತ್ತು. ಎಲೆಗಳು ಮಚ್ಚೆಮಚ್ಚೆಯಾಗಿ ಹಳದಿಯಾಗಿ, ಸೊಟ್ಟ ಕಾಯಿಗಳು ಬಲಿಯುವ ಮೊದಲೇ ಉದುರುತ್ತಿದ್ದವು. ಇದಕ್ಕೆ ಮದ್ದಿಲ್ಲ, ಚಿಗುರುವಾಗ ಹಾರ್ಮೋನು ಸಿಂಪಡಿಸಿದರೆ ಗಿಡಕ್ಕೆ ತಾಳಿಕೊಳ್ಳುವ ಕಸುವು ಬರಬಹುದು ಎಂದು ಸೊಸೆ ಭಾಗೀರಥಿ ತರಬೇತಿಯಲ್ಲಿ ಕಲಿತು, ಪುಡಿ ತಂದಿದ್ದಳು.

ಇಂದು ಅವಳು ಮುಟ್ಟಾಗಿ ಹಿತ್ತಲ ಮೂಲೆಯಲ್ಲಿ ಕುಳಿತಿದ್ದಳು. ಮುಟ್ಟಾದವಳ ನೆರಳಿಗೆ ನಿಂಬೆ ಒಣಗುತ್ತದೆಂಬುದು ಆ ಮನೆಯ ನಂಬಿಕೆ.

“ಮಾವಾರ, ಪುಡಿ ಬರೇ ನೀರಾಗ ಕರಗೂದಿಲ್ರಿ. ಮೊದಲ ಸ್ಪಿರಿಟ್‌ನ್ಯಾಗ ಕರಗಸ್ರಿ.”

“ಗಿಡಕ್ಕ ಸೆರೆ ಕುಡಸಾಕಿ ನೋಡ್ರಿ ಇಕಿ!” ಅತ್ತೆ ಸತ್ಯವ್ವ ನಕ್ಕಳು. “ಹೊರಗಾದಾಗ ತ್ವಾಟದ ಮಾತೂ ಆಡಬಾರದವ್ವ. ನಮ್ಮತ್ತಿ ಕಾಲದಾಗ ಒಬ್ಬಾಕಿ ಬರೇ ಒಂದ ಕಾಯಿ ಹರದ್ಲು, ಇಡೀ ಗಿಡಾನ ಒಣಗಿತ್ತು.”

“ಹೊರಗಾದಾಗ ನಾ ಎಂದೂ ತ್ವಾಟಕ್ಕ ಹೊಕ್ಕಿಲ್ರಿ ಅತ್ತಿ. ಮತ್ತ ಇವ್ಯಾಕ ಹಳದಿ ಆಗ್ಯಾವ್ರಿ? ಮಾವಾರ, ನಾ ಏಳೂತನಾ ಆದ್ರೂ ತಡೀರಿ.”

“ಚಿಗುರು ತಡೀತೈತೇನ? ಬಾಯಿ ಮುಚ್ಚಿ ಕೂಡವ್ವ. ನಾ ಔಷಧ ಹೊಡಕೋಂತನ ಮುದುಕ ಆಗೇನಿ,” ಎಂದ ನಿಜಗುಣಪ್ಪ.

ಪುಡಿಯನ್ನೆಲ್ಲ ನೀರಿಗೆ ಸುರಿದು ಕೋಲಿನಿಂದ ತಿರುವಿದ. ಸಂಜೆ, ಸಿಂಪಡಿಸಿ ಬಂದು ಡ್ರಮ್ಮು ತೊಳೆಯುವಾಗ ಕಂಡ: ಪುಡಿ ಕರಗದೆ ತಳಕ್ಕೆ ಬೆಳ್ಳಗೆ ಅಂಟಿಕೊಂಡಿತ್ತು. ಗಿಡಗಳಿಗೆ ಹೋದದ್ದು ಬರೀ ನೀರು. ಯಾರಿಗೂ ಹೇಳಲಿಲ್ಲ. ಹೊಸ ಪುಡಿ ತರಿಸುವಷ್ಟರಲ್ಲಿ ಚಿಗುರು ಬಲಿತಿತ್ತು.

ಬೇಸಿಗೆಗೆ ಟೊಂಗೆಗಳು ತುದಿಯಿಂದ ಒಣಗುತ್ತ ಬಂದವು. ಸಾಲಿಗೆ ಸಾಲೇ ಕಡಿಸಬೇಕಾಯಿತು. ಕಟ್ಟಿಗೆ ಒಯ್ಯಲು ಬಂದ ನೆರೆಮನೆಯ ರಾಯವ್ವನಿಗೆ ಸತ್ಯವ್ವ ಹೇಳುತ್ತಿದ್ದಳು: “ಹೊರಗ ಕುಂತು ತ್ವಾಟದ ಮಾತಾಡಿದ್ಲು ನೋಡ. ಆಕಿ ಬಾಯಿ ಹತ್ತಿ ಹ್ವಾದುವು.”

ಅಂದೂ ಭಾಗೀರಥಿ ಮುಟ್ಟಾಗಿ ಹಿತ್ತಲಲ್ಲೇ ಕುಳಿತಿದ್ದಳು. ತಲೆ ಎತ್ತಲಿಲ್ಲ. ತೋಟದಲ್ಲಿ ಬಾವಿಯ ಕಡೆ ಉಳಿದಿದ್ದ ಒಂದೇ ಸಾಲು ಆ ವಾರ ಚಿಗುರಿತ್ತು.

“ಆಕಿ ಹೇಳಿದ್ದ ಖರೆ ಇತ್ತು,” ಎಂದ, ಹೆಂಡತಿಯ ಮಾತು ಕೇಳಿ ಹೊರಬಂದ ನಿಜಗುಣಪ್ಪ. “ನಾ ಕೇಳಲಿಲ್ಲ. ನಾನ ಕೊಂದೆ.”

ಹೊರಗಾದವಳಿಗೆ ಏನೇ ಕೊಡುವುದಿದ್ದರೂ ನೆಲದ ಮೇಲಿಟ್ಟು ಹಿಂದೆ ಸರಿಯುವುದು ಆ ಮನೆಯ ಪದ್ಧತಿ. ಅವನು ಪುಡಿಯ ಹೊಸ ಪೊಟ್ಟಣ ತಂದು ಅವಳ ಅಂಗೈಯಲ್ಲಿಟ್ಟ.

“ಏಳವ್ವಾ, ತ್ವಾಟಕ್ಕ ಹೋಗೂಣು.”

“ಇವೂ ಉಳೀತಾವಂತ ಹೇಳಾಕ ಬರೂದಿಲ್ರಿ, ಮಾವಾರ.”

“ಗೊತ್ತೈತಿ. ಹ್ಯಾಂಗ ಕಲಸೂದು ಹೇಳು, ಕೇಳತೇನಿ.”

ಸತ್ಯವ್ವ ಬಾಗಿಲಲ್ಲಿ ನಿಂತಿದ್ದಳು. ಸೊಸೆ ಹೋಗಲು ದಾರಿ ಬಿಟ್ಟು ಸರಿದಳು.